11×13 ಹಾಲ್‌ಗೆ ಬುಕ್‌ಶೆಲ್ಫ್ ಸ್ಪೀಕರ್: 3020ಐ, ಡೈಮಂಡ್ 12.1, ಡೆಬ್ಯೂ ಬಿ5.2, ಇವುಗಳಲ್ಲಿ ಯಾವುದು?

ಶ್ರುತಿಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ಮನೆಗೆ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ತಗೋಬೇಕು. ಹುಡುಕಿ ಹುಡುಕಿ ಮೂರಕ್ಕೆ ಬಂದು ನಿಂತಿದ್ದೀನಿ: ಕ್ಯೂ ಅಕೌಸ್ಟಿಕ್ಸ್ 3020ಐ, ವಾರ್ಫ್‌ಡೇಲ್ ಡೈಮಂಡ್ 12.1, ಎಲಾಕ್ ಡೆಬ್ಯೂ ಬಿ5.2. ಆಂಪ್ಲಿಫೈಯರ್, ವೈರ್, ಸ್ಟ್ಯಾಂಡ್ ಎಲ್ಲ ಸೇರಿ 65 ಸಾವಿರ ದಾಟಬಾರದು.

ಹಾಲ್ 11×13 ಅಡಿ, ಎತ್ತರ 10 ಅಡಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. 11 ಅಡಿ ಗೋಡೆಗೆ ಟಿವಿ ಯುನಿಟ್ ಇದೆ. ಅದರ ಆಳ 40 ಸೆಂ.ಮೀ., ಎತ್ತರ 45 ಸೆಂ.ಮೀ. ಸೋಫಾ ಎದುರಿನ ಗೋಡೆಗೆ ಒತ್ತಿಕೊಂಡಿದೆ. ಬಲಗಡೆ ಬಾಲ್ಕನಿಯ ಗಾಜಿನ ಸ್ಲೈಡಿಂಗ್ ಬಾಗಿಲು, ಎಡಗಡೆ ಬರೀ ಗೋಡೆ.

ಕೇಳೋದು ಕರ್ನಾಟಕ ಸಂಗೀತದ ಗಾಯನ, ವೀಣೆ, ಹಿಂದೂಸ್ತಾನಿ ಖಯಾಲ್, ಅರವತ್ತು-ಎಪ್ಪತ್ತರ ದಶಕದ ಕನ್ನಡ ಚಿತ್ರಗೀತೆಗಳು. ಹೆಚ್ಚಾಗಿ ರಾತ್ರಿ ಒಂಬತ್ತರ ಮೇಲೆ, ಸಣ್ಣ ದನಿಯಲ್ಲಿ. ಫೋನ್ ಮತ್ತು ಟಿವಿ ಎರಡರಿಂದಲೂ ಕೇಳಬೇಕು. ಟಿವಿಗೆ ಆಪ್ಟಿಕಲ್ ಔಟ್ (ಬೆಳಕಿನ ಮೂಲಕ ಡಿಜಿಟಲ್ ದನಿ ಕಳಿಸುವ ಕಿಂಡಿ) ಇದೆ.

ಪ್ರಶ್ನೆ ಎರಡು. ಈ ಮೂರರಲ್ಲಿ ಯಾವುದು ಸರಿ? ಸ್ಪೀಕರನ್ನು ಟಿವಿ ಯುನಿಟ್ ಮೇಲೆ ಇಟ್ಟರೆ ಸಾಕಾ, ಸ್ಟ್ಯಾಂಡ್ ಬೇಕೇ ಬೇಕಾ?

ಓಮ್_ಮೀಟರ್:

ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಸಿಗಬೇಕು. ಸ್ಪೀಕರ್ ಎಲ್ಲಿ ಕೂರುತ್ತೆ ಅಂತ ಗೊತ್ತಾದರೆ ಮೂರರಲ್ಲಿ ಒಂದು ತಾನಾಗಿಯೇ ಬಿಟ್ಟುಹೋಗುತ್ತೆ.

3020ಐ ಮತ್ತು ಡೈಮಂಡ್ 12.1 ಎರಡಕ್ಕೂ ಬಾಸ್ ಪೋರ್ಟ್ (ತಗ್ಗು ಸ್ವರದ ಗಾಳಿ ಹೊರಬರುವ ತೂತು) ಹಿಂಬದಿಯಲ್ಲಿದೆ. ಬಿ5.2ಕ್ಕೆ ಮುಂಭಾಗದಲ್ಲೇ, ಕೆಳಗೆ ಸೀಳಿನ ಹಾಗಿದೆ. ಹಿಂಬದಿ ಪೋರ್ಟ್ ಇರುವ ಪೆಟ್ಟಿಗೆಗೆ ಗೋಡೆಯಿಂದ ಕನಿಷ್ಠ 15 ಸೆಂ.ಮೀ., ಸಾಧ್ಯವಾದರೆ 25-30 ಸೆಂ.ಮೀ. ಜಾಗ ಬೇಕು. 3020ಐ ಚಿಕ್ಕದಾಗಿ ಕಂಡರೂ ಆಳ 28 ಸೆಂ.ಮೀ. ಇದೆ. ನಿಮ್ಮ 40 ಸೆಂ.ಮೀ. ಯುನಿಟ್ ಮೇಲೆ ಅಂಚಿಗೆ ಸರಿಯಾಗಿ ಇಟ್ಟರೂ ಹಿಂದೆ ಉಳಿಯೋದು 12 ಸೆಂ.ಮೀ. ಅದರಲ್ಲಿ ಬನಾನಾ ಪ್ಲಗ್ಗು (ವೈರಿನ ತುದಿಯ ಪಿನ್ನು), ವೈರಿನ ಬಾಗು ಸೇರಿ ಐದಾರು ಸೆಂ.ಮೀ. ಹೋಗುತ್ತೆ. ಬಿ5.2 ಆಳ ಸುಮಾರು 23 ಸೆಂ.ಮೀ., ಅಷ್ಟು ಇಕ್ಕಟ್ಟು ಆಗಲ್ಲ.

ಆದರೆ ಮುಂದೆ ಪೋರ್ಟ್ ಇದ್ದರೆ ಗೋಡೆಗೆ ಅಂಟಿಸಿಬಿಡಬಹುದು ಅನ್ನೋದು ಅರ್ಧ ಮಾತ್ರ ನಿಜ. ತಗ್ಗು ಸ್ವರಗಳು ಪೆಟ್ಟಿಗೆಯ ಸುತ್ತ ಎಲ್ಲ ಕಡೆಗೂ ಹರಡುತ್ತವೆ. ಗೋಡೆ ಹತ್ತಿರ ಇದ್ದರೆ ಪೋರ್ಟ್ ಎಲ್ಲೇ ಇರಲಿ ಬಾಸ್ ಉಬ್ಬುತ್ತೆ. ಮುಂದಿನ ಪೋರ್ಟ್‌ನಿಂದ ಸಿಗುವ ಲಾಭ ಒಂದೇ, ಗಾಳಿಯ ದಾರಿ ಕಟ್ಟಿಕೊಳ್ಳಲ್ಲ.

ಇನ್ನೊಂದು ವಿಷಯ ಹೆಚ್ಚು ಜನ ಗಮನಿಸಲ್ಲ. ಹಿಂದಿನ ಗೋಡೆಗೆ ತಾಗಿ ವಾಪಸ್ ಬರುವ ದನಿ ಒಂದು ನಿರ್ದಿಷ್ಟ ಆವರ್ತನದಲ್ಲಿ ನೇರ ದನಿಯನ್ನು ಕಡಿದುಹಾಕುತ್ತೆ. ಲೆಕ್ಕ ಸುಲಭ: 343ನ್ನು, ಸ್ಪೀಕರ್ ಮುಖದಿಂದ ಗೋಡೆಗಿರುವ ದೂರದ (ಮೀಟರ್‌ನಲ್ಲಿ) ನಾಲ್ಕರಷ್ಟರಿಂದ ಭಾಗಿಸಿ. ಮುಖ ಗೋಡೆಯಿಂದ 40 ಸೆಂ.ಮೀ. ದೂರ ಇದ್ದರೆ ಸುಮಾರು 214 ಹರ್ಟ್ಜ್. 60 ಸೆಂ.ಮೀ. ಇದ್ದರೆ 143. ಒಂದು ಮೀಟರ್ ಇದ್ದರೆ 86. ಗಂಡುದನಿಯ ಷಡ್ಜ ಸಿ ಶ್ರುತಿಯಲ್ಲಿ 131 ಹರ್ಟ್ಜ್. ಅಂದರೆ 60-65 ಸೆಂ.ಮೀ. ದೂರದಲ್ಲಿ ಇಟ್ಟರೆ ಗಾಯಕರ ಷಡ್ಜದ ಹತ್ತಿರವೇ ಗುಂಡಿ ಬೀಳುತ್ತೆ. ಇಡೋದಾದರೆ ಅದಕ್ಕಿಂತ ಹತ್ತಿರ ಇಡಿ, ಇಲ್ಲ ಚೆನ್ನಾಗಿ ದೂರ ಇಡಿ. ಆ ನಡುವಿನ ಜಾಗ ಬೇಡ.

ನನ್ನ ಮಟ್ಟಿಗೆ: ಯುನಿಟ್ ಮೇಲೆಯೇ ಅಂದರೆ ಬಿ5.2. ಸ್ಟ್ಯಾಂಡ್ ಅಂದರೆ ಡೈಮಂಡ್ 12.1. ನಡುದನಿಯ ಮೈತುಂಬಿದ ಗುಣಕ್ಕೆ ಮತ್ತು ನಿಮ್ಮ ಹಳೆಯ ಹಾಡುಗಳಿಗೆ ಅದು ಹೊಂದುತ್ತೆ.

ಮೂಲೆಮನೆ:

ಓಮ್_ಮೀಟರ್ ಅವರ ದೂರದ ಲೆಕ್ಕ ಒಪ್ಪಿದೆ. ಬಿ5.2 ಸಲಹೆ ಒಪ್ಪಲ್ಲ, ಕಾರಣ ಹೇಳ್ತೀನಿ.

ಈ ಕೋಣೆಯ ಅನುರಣನ, ಅಂದರೆ ಗೋಡೆಗಳ ನಡುವೆ ಉಬ್ಬಿ ನಿಲ್ಲುವ ತಗ್ಗು ಸ್ವರಗಳನ್ನು, ನೋಡಿ. 13 ಅಡಿ ಅಂದರೆ 3.96 ಮೀಟರ್, ಆ ಉದ್ದದಲ್ಲಿ 43 ಹರ್ಟ್ಜ್ ನಿಂತುಕೊಳ್ಳುತ್ತೆ. 11 ಅಡಿಗೆ 51, 10 ಅಡಿ ಎತ್ತರಕ್ಕೆ 56. ಮೂರೂ ಒಂದರ ಪಕ್ಕ ಒಂದು ಗುಂಪುಗೂಡಿವೆ. ಬಿ5.2 ಕಂಪನಿಯ ಲೆಕ್ಕದಲ್ಲೇ 46 ಹರ್ಟ್ಜ್‌ವರೆಗೆ ಇಳಿಯುತ್ತೆ. ಅದನ್ನು ಗೋಡೆ ಹತ್ತಿರ ಇಟ್ಟು, ಕೇಳುವವರ ತಲೆ ಎದುರಿನ ಗೋಡೆಗೆ ತಾಗುವ ಹಾಗೆ ಕೂತರೆ ಮೃದಂಗದ ಎಡಗಡೆಯ ಒಂದೊಂದು ಪೆಟ್ಟೂ 'ಗುಂ' ಅಂತ ಬಾಲ ಎಳೆಯುತ್ತೆ. ತಬಲಾದ ಡಗ್ಗಾ ಮೀಂಡು ಎಲ್ಲಿ ಏರಿತು, ಎಲ್ಲಿ ಇಳಿಯಿತು ಅಂತಲೇ ಗೊತ್ತಾಗಲ್ಲ. 3020ಐ 64 ಹರ್ಟ್ಜ್ ಹತ್ತಿರವೇ ಕೈಬಿಡುತ್ತೆ. ಕಾಗದದ ಮೇಲೆ ಅದು ಕೊರತೆ, ಈ ಹಾಲ್‌ನಲ್ಲಿ ಅದೇ ಅನುಕೂಲ. ಅದರ ಜೊತೆ ಪೋರ್ಟ್‌ಗೆ ತುರುಕುವ ಫೋಮ್ ಬಿರಡೆ ಬರುತ್ತೆ. ಗೋಡೆ ಹತ್ತಿರ ಇಟ್ಟಾಗ ಹಾಕಿಕೊಂಡರೆ ಉಬ್ಬು ತಗ್ಗುತ್ತೆ.

ಹಾಗಂತ ಕಂಪನಿ ಕೊಡುವ ಹರ್ಟ್ಜ್ ಅಂಕಿಗಳನ್ನೇ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಒಬ್ಬರು 3 ಡೆಸಿಬೆಲ್ ಇಳಿದ ಜಾಗ ಹೇಳ್ತಾರೆ, ಇನ್ನೊಬ್ಬರು 6, ಮತ್ತೊಬ್ಬರು ಎಷ್ಟು ಇಳಿದಾಗ ಅಂತ ಬರೆಯೋದೇ ಇಲ್ಲ. ದಿಕ್ಕು ತಿಳಿಯೋಕೆ ಮಾತ್ರ ಅವು ಸಾಕು.

ಯಾವ ಸ್ಪೀಕರೇ ತಗೊಳ್ಳಿ, ಸೋಫಾವನ್ನು ಗೋಡೆಯಿಂದ ಎರಡು ಅಡಿ ಮುಂದಕ್ಕೆ ಎಳೆಯಿರಿ. ಕೋಣೆಯ ಎಲ್ಲ ಅನುರಣನಗಳೂ ಗೋಡೆಯ ಬುಡದಲ್ಲೇ ಅತಿ ಜೋರು. ಖರ್ಚಿಲ್ಲದೆ ಸಿಗುವ ಅತಿ ದೊಡ್ಡ ಸುಧಾರಣೆ ಇದೇ.

ಶ್ರುತಿಪೆಟ್ಟಿಗೆ:

ಇಬ್ಬರಿಗೂ ಧನ್ಯವಾದ. ಸೋಫಾ ಎರಡು ಅಡಿ ಎಳೆಯಬಹುದು, ಹಿಂದೆ ಓಡಾಡೋ ದಾರಿ ಇಲ್ಲ. ಸ್ಟ್ಯಾಂಡ್ ವಿಷಯ ಇನ್ನೂ ತೀರ್ಮಾನ ಆಗಿಲ್ಲ, ಮನೇಲಿ ಮೂರು ವರ್ಷದ ಮಗು ಇದೆ. ಆಂಪ್ ಎಷ್ಟು ವಾಟ್ಸ್ ಬೇಕು? ಅಂಗಡಿಯವರು 100 ವಾಟ್ಸ್‌ಗಿಂತ ಕಮ್ಮಿ ಬೇಡವೇ ಬೇಡ ಅಂತಾರೆ. ಆನ್‌ಲೈನಲ್ಲಿ ಅಂಗೈ ಅಗಲದ ಆಂಪ್‌ಗಳ ಮೇಲೆ 100+100, 300+300 ಅಂತ ಬರೆದಿರುತ್ತೆ. ನಂಬಬಹುದಾ?

ಓಮ್_ಮೀಟರ್:

ಲೆಕ್ಕ ಹಾಕೋಣ. ಸೋಫಾ ಮುಂದೆ ಬಂದರೆ ಸ್ಪೀಕರ್‌ಗೂ ಕಿವಿಗೂ ಸುಮಾರು 2.6 ಮೀಟರ್. ಬಿ5.2ರ ಸಂವೇದನೆ 86 ಡೆಸಿಬೆಲ್, ಅಂದರೆ ಹೆಚ್ಚುಕಮ್ಮಿ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಕೇಳುವ ಮಟ್ಟ. 2.6 ಮೀಟರ್‌ಗೆ ಬರುವಷ್ಟರಲ್ಲಿ 8 ಡೆಸಿಬೆಲ್ ಕಳೆಯುತ್ತೆ. ಸ್ಪೀಕರ್ ಎರಡು ಇರೋದ್ರಿಂದ 3, ಗೋಡೆ-ಸೂರಿನ ಮಾರ್ದನಿಯಿಂದ ಇನ್ನೊಂದೆರಡು ವಾಪಸ್ ಸಿಗುತ್ತೆ. ಒಟ್ಟು 83 ಅಂತ ಇಟ್ಕೊಳ್ಳಿ. ಮನೆಯಲ್ಲಿ ಹಾಯಾಗಿ ಕೇಳುವ ಸರಾಸರಿ ಮಟ್ಟ 70-75. ತನಿ ಆವರ್ತನದ (ಮೃದಂಗ ಒಂದೇ ನುಡಿಯುವ ಭಾಗ) ಪೆಟ್ಟುಗಳು ಅದಕ್ಕಿಂತ 20 ಡೆಸಿಬೆಲ್ ಮೇಲೆ ಹಾರಿದರೂ 95. ಅಂದರೆ 83ರ ಮೇಲೆ 12 ಡೆಸಿಬೆಲ್, ಸುಮಾರು 16 ವಾಟ್ಸ್. 3020ಐ, ಡೈಮಂಡ್ ಎರಡೂ 88 ಡೆಸಿಬೆಲ್, ಅವಕ್ಕೆ 10 ವಾಟ್ಸ್. ನಿಜವಾದ 30-40 ವಾಟ್ಸ್ ಇದ್ದರೆ ನಿಮ್ಮ ಹಾಲ್‌ಗೆ ಧಾರಾಳ. 50ರಿಂದ 100ಕ್ಕೆ ಹೋದರೆ ಹೆಚ್ಚಾಗೋದು ಬರೀ 3 ಡೆಸಿಬೆಲ್.

ಅಂಗೈ ಆಂಪ್‌ಗಳ ವಿಷಯಕ್ಕೆ ಬಂದರೆ, ಪೆಟ್ಟಿಗೆ ಮೇಲಿನ ಸಂಖ್ಯೆ ಬಿಡಿ, ಅಡಾಪ್ಟರ್ ತಿರುಗಿಸಿ ಓದಿ. 24 ವೋಲ್ಟ್, 4.5 ಆಂಪಿಯರ್ ಅಂತ ಇದ್ದರೆ ಅದು ಕೊಡೋದೇ 108 ವಾಟ್ಸ್. ಅದರಿಂದ 100+100 ಎಲ್ಲಿಂದ ಬರಬೇಕು? ಇನ್ನೂ ಖಚಿತವಾಗಿ ಬೇಕಾದರೆ ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ, ಸ್ಪೀಕರ್ ಓಮ್‌ನ ಎರಡರಷ್ಟರಿಂದ ಭಾಗಿಸಿ: 24×24 ಭಾಗಿಸು 16, ಅಂದರೆ 8 ಓಮ್ ಸ್ಪೀಕರ್‌ಗೆ ಚಾನಲ್ಲಿಗೆ 36 ವಾಟ್ಸ್ ಮಿತಿ, ನಷ್ಟ ಕಳೆದರೆ ಮೂವತ್ತರ ಆಸುಪಾಸು. ಅಷ್ಟು ಸಾಕು ಅಂತ ಮೇಲೆ ನೋಡಿದೆವಲ್ಲ, ಆದ್ದರಿಂದ ಆ ಆಂಪ್ ಕೆಟ್ಟದ್ದಲ್ಲ. ಲೇಬಲ್ ಮಾತ್ರ ತಪ್ಪು ದಾರಿ ಹಿಡಿಸುತ್ತೆ. ಒಂದು ಎಚ್ಚರಿಕೆ: ಇವುಗಳಲ್ಲಿ ಬಹುಪಾಲು ಆಂಪ್‌ಗಳ ಕಪ್ಪು ಟರ್ಮಿನಲ್ಲಿಗೂ ಸಿಗ್ನಲ್ ಇರುತ್ತೆ. ಎರಡು ಚಾನಲ್ಲಿನ ಕಪ್ಪುಗಳನ್ನು ಒಟ್ಟಿಗೆ ಸೇರಿಸಿದರೆ ಚಿಪ್ ಸುಟ್ಟುಹೋಗಬಹುದು.

ರಾತ್ರಿ ಸಣ್ಣ ದನಿಯಲ್ಲಿ ಕೇಳೋದು ಅಂದಿರಿ. ದುಡ್ಡು ಒದಗಿದರೆ ಯಮಹಾ ಎ-ಎಸ್301 ನೋಡಿ. 8 ಓಮ್‌ಗೆ 60 ವಾಟ್ಸ್, ಆಪ್ಟಿಕಲ್ ಇನ್‌ಪುಟ್ ಒಳಗೇ ಇದೆ. ಮುಖ್ಯವಾಗಿ ಅದರ ಲೌಡ್‌ನೆಸ್ ಗುಬುಟು. ಶಬ್ದ ಕಮ್ಮಿ ಆದಂತೆ ನಮ್ಮ ಕಿವಿಗೆ ತಗ್ಗು ಸ್ವರ ಬೇಗ ಮಾಯವಾಗುತ್ತೆ. ವಾಲ್ಯೂಮ್ ಇಳಿಸಿದಾಗ ತಂಬೂರಿ ಪೊಳ್ಳಾಗೋದು ಅದಕ್ಕೇ. ಬಳಸುವ ಕ್ರಮ ಹೀಗೆ: ಪ್ಯೂರ್ ಡೈರೆಕ್ಟ್ ಆಫ್ ಇರಲಿ, ಅದು ಆನ್ ಇದ್ದರೆ ಈ ಗುಬುಟು ಕೆಲಸ ಮಾಡಲ್ಲ. ಲೌಡ್‌ನೆಸ್ 'ಫ್ಲಾಟ್'ನಲ್ಲಿಟ್ಟು, ನೀವು ಅತಿ ಜೋರು ಅಂದರೆ ಎಷ್ಟಕ್ಕೆ ಕೇಳ್ತೀರೋ ಅಲ್ಲಿಗೆ ವಾಲ್ಯೂಮ್ ತಿರುಗಿಸಿ. ಆಮೇಲೆ ವಾಲ್ಯೂಮ್ ಮುಟ್ಟದೆ ಲೌಡ್‌ನೆಸ್ ಗುಬುಟಿನಿಂದಲೇ ದನಿ ಇಳಿಸಿ. ಹೆಚ್ಚಿನವರು ಎರಡನ್ನೂ ಅರ್ಧರ್ಧ ತಿರುಗಿಸಿ, ದನಿ ಮಂಕಾಯ್ತು ಅಂತ ಬೇಜಾರಾಗ್ತಾರೆ.

ವೈರ್‌ಗೆ ದುಡ್ಡು ಸುರಿಯಬೇಡಿ. ನಾಲ್ಕು ಮೀಟರ್ ಓಟಕ್ಕೆ 1.5 ಚದರ ಮಿ.ಮೀ. ತಾಮ್ರದ ಎರಡೆಳೆ ಫ್ಲೆಕ್ಸಿಬಲ್ ವೈರ್ ಸಾಕು. ಹೋಗಿ ಬರುವ ಎಂಟು ಮೀಟರಿಗೆ ರೋಧ 0.1 ಓಮ್ ಕೂಡ ಆಗಲ್ಲ. ಎಲೆಕ್ಟ್ರಿಕಲ್ ಅಂಗಡಿಯ ಐಎಸ್‌ಐ ಗುರುತಿನದೇ ನಡೆಯುತ್ತೆ. ಬೆಂಗಳೂರಿನವರಾದರೆ ಎಸ್‌ಪಿ ರೋಡಲ್ಲಿ ಕೊಳ್ಳುವಾಗ ಒಂದೆಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ; ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಬಿಡಿ.

ಸಾಧನಕೇರಿ:

ನಮಸ್ಕಾರ್ರಿ ಎಲ್ಲಾರಿಗೂ. ಆಂಪು, ವೈರು ಎಲ್ಲಾ ಸರಿ ಐತ್ರಿ. ಆದ್ರ ಆ ಟೈಲ್ಸಿನ ನೆಲ, ಗಾಜಿನ ಬಾಗಲಾ, ಬರೇ ಗ್ವಾಡಿ, ಇವುಗಳ ಮಾತು ಯಾರೂ ತೆಗೀಲಿಲ್ಲ. ಹಂಗ ಬಿಟ್ರ ಎಂಥಾ ಸ್ಪೀಕರ್ ತಂದ್ರೂ ಸ್ಟೀಲ್ ಪಾತ್ರಿಯೊಳಗ ಹಾಡಿದಂಗ ಕೇಳತೈತಿ.

ಹಾಲ್ ನಡುವ ನಿಂತು ಜೋರಾಗಿ ಒಂದು ಚಪ್ಪಾಳಿ ತಟ್ಟಿ ನೋಡ್ರಿ. ಹಿಂದಿಂದ 'ಟರ್ರ್' ಅಂತ ತಗಡಿನ ಸಪ್ಪಳ ಬಂತಂದ್ರ ಎದರಾಬದರು ಗ್ವಾಡಿ ನಡುವ, ಇಲ್ಲಾ ನೆಲಾ-ಛತ್ತಿನ ನಡುವ ದನಿ ಚೆಂಡಿನಂಗ ಪುಟೀತೈತಿ ಅಂತ ತಿಳಕೋರಿ. ನೆಲಕ್ಕ ನವಲಗುಂದ ಜಮಖಾನಿ ಹಾಸ್ರಿ, ನೋಡಾಕೂ ಚಂದ. ಆದ್ರ ಅದು ಹತ್ತಿದ್ದು, ತೆಳ್ಳಗ ಇರತೈತಿ. ಅದೊಂದರಿಂದ ಆಗೂದು ಸ್ವಲ್ಪ. ಅದರ ಕೆಳಗ 8-10 ಮಿ.ಮೀ. ದಪ್ಪನ್ನ ಫೆಲ್ಟ್ ಹಾಕ್ರಿ. ಸ್ಪೀಕರಿಗೂ ಸೋಫಾಕ್ಕೂ ನಡುವಿನ ಜಾಗಾ ಮುಚ್ಚಿದ್ರ ಸಾಕು, ಇಡೀ ಹಾಲ್ ಬ್ಯಾಡ.

ಎಡಗಡೆ ಬರೇ ಗ್ವಾಡಿಗೆ ಕೌದಿ ತೂಗ ಹಾಕ್ರಿ. ಹಳೇ ಸೀರಿ, ಧೋತರದ ನಾಲ್ಕೈದು ಪದರಾ ಹೊಲದ ಕೌದಿಗೆ ತೂಕಾ ಇರತೈತಿ. ಗ್ವಾಡಿಗೆ ಅಂಟಿಸಬ್ಯಾಡ್ರಿ. ಮ್ಯಾಲೆ ಒಂದು ಕಟ್ಟಿಗಿ ಪಟ್ಟಿ ಹೊಡದು 5 ಸೆಂ.ಮೀ. ಸಂದು ಬಿಟ್ಟು ಇಳೇ ಬಿಡ್ರಿ. ಹಿಂದ ಗಾಳಿ ಇದ್ದಷ್ಟೂ ಕೆಳಗಿನ ಸ್ವರತನಕಾ ಹೀರತೈತಿ. ಎಲ್ಲಿ ತೂಗಬೇಕು ಅಂದ್ರ, ನೀವು ಸೋಫಾದ ಮ್ಯಾಲೆ ಕುಂದರ್ರಿ, ಇನ್ನೊಬ್ರು ಕನ್ನಡಿ ಹಿಡದು ಗ್ವಾಡಿಗುಂಟ ಸರಿಸ್ಲಿ. ಕನ್ನಡಿಯೊಳಗ ಸ್ಪೀಕರ್ ಕಂಡ ಜಾಗಾನೇ ಸರಿಯಾದ ಜಾಗಾ. ಬಲಕ್ಕ ಗಾಜಿಗೆ ದಪ್ಪನ್ನ ಪರದೆ ಹಾಕ್ರಿ. ಪರದೆ ಅಗಲ ಬಾಗಲದ ಎರಡು ಪಟ್ಟು ಇರ್ಲಿ, ನೆರಿಗಿ ಬಿದ್ರನ ಕೆಲಸಾ ಮಾಡತೈತಿ. ಎರಡೂ ಬಾಜೂ ಒಂದ ರೀತಿ ಆಗೂದು ಭಾಳ ಮುಖ್ಯ. ಒಂದು ಕಡೆ ಗಾಜು, ಒಂದು ಕಡೆ ಕೌದಿ ಅಂದ್ರ ಹಾಡವರು ಗಾಜಿನ ಕಡೆ ಸರದು ಕುಂತಂಗ ಕೇಳತೈತಿ.

ಇನ್ನ ಅಂಗಡ್ಯಾಗ ಏನು ಕೇಳಬೇಕು? ಸಿನೆಮಾದ ದೊಡ್ಡ ಸಪ್ಪಳಾ ಕೇಳಿ ಮರುಳಾಗಬ್ಯಾಡ್ರಿ. ನಿಮ್ಮ ಹಾಡು ನೀವ ಒಯ್ರಿ. ಮೊದಲ ತಂಬೂರಿ ಒಂದ ಇರೂ ಆಲಾಪದ ಸುರುವಾತ್ ಹಚ್ಚರಿ. ಸಿ ಶ್ರುತಿ ತಂಬೂರಿಯ ಖರ್ಜದ ತಂತಿ 65 ಹರ್ಟ್ಜ್ ಖರೆ, ಆದ್ರ ಅದರ ಜೀವ ಇರೂದು ಮ್ಯಾಲಿನ ಸ್ವರಾಂಶದಾಗ. ತಂತಿ ಕೆಳಗ ದಾರಾ ಸರಿಸಿ ಜವಾರಿ ತೆಗದಿರ್ತಾರಲ್ರಿ, ಆ ದಾರಾ ಕೂಡಸಿದ್ದರಿಂದ ಹುಟ್ಟೂ ಝೇಂಕಾರ ಒಂದು ಮೀಟಿನಿಂದ ಇನ್ನೊಂದಕ್ಕ ಸಣ್ಣಗ ಇಳಕೋಂತ ಹೋಗೂದು ಕೇಳಬೇಕು. ಅದು ಬರೇ 'ಸಂಯ್' ಅಂತ ಒಂದ ಸಪ್ಪಳಾ ಆತಂದ್ರ ಆ ಟ್ವೀಟರ್ (ಮ್ಯಾಲಿನ ಸ್ವರ ನುಡಿಸೂ ಸಣ್ಣ ಗುಮ್ಮಟ) ನಿಮಗ ಬ್ಯಾಡ. ಆಮ್ಯಾಲೆ ಗಂಗೂಬಾಯಿ ಹಾನಗಲ್ ಅವರ ಗಡಸು ದನಿ ಹಚ್ಚರಿ. ಎದಿಯಿಂದ ಬಂದ ತೂಕಾ ಉಳೀಬೇಕು, ಗಂಟಲಾ ಕಟ್ಟಿದಂಗ ಆಗಬಾರದು. ಈ ಎರಡೂ ಪಾಸಾದ್ರ ಉಳದದ್ದು ತಾನ ಆಗತೈತಿ.

ಮೂಲೆಮನೆ:

ಕೌದಿಯ ಸಲಹೆ ಬಹಳ ಚೆನ್ನಾಗಿದೆ. ಅಂಗಡಿಯ ಪರೀಕ್ಷೆಗೆ ಒಂದು ಸೇರಿಸ್ತೀನಿ: ಎರಡು ಸ್ಪೀಕರ್ ಹೋಲಿಸುವಾಗ ಶಬ್ದದ ಮಟ್ಟ ಸಮ ಮಾಡಿಸಿ. 88 ಡೆಸಿಬೆಲ್‌ನ ಡೈಮಂಡಿನಿಂದ 86ರ ಬಿ5.2ಗೆ ವಾಲ್ಯೂಮ್ ಮುಟ್ಟದೆ ಬದಲಿಸಿದರೆ ಬಿ5.2 ಸೊರಗಿದ ಹಾಗೆ ಕೇಳುತ್ತೆ, ಅದು ಅದರ ತಪ್ಪಲ್ಲ. ಒಂದೇ ಒಂದು ಡೆಸಿಬೆಲ್ ಜೋರಾದರೂ ಕಿವಿ ಅದನ್ನೇ ಆರಿಸುತ್ತೆ. ಫೋನಿನಲ್ಲಿ ಶಬ್ದಮಾಪಕ ಆ್ಯಪ್ ಹಾಕಿಕೊಂಡು, ಕೂತ ಜಾಗದಲ್ಲೇ ಅಳೆದು, ಅರ್ಧ ಡೆಸಿಬೆಲ್ ಒಳಗೆ ತನ್ನಿ. ಹಾಡಿನ ಅದೇ 30 ಸೆಕೆಂಡನ್ನು ಎರಡರಲ್ಲೂ ತಿರುಗಿಸಿ ಮುರುಗಿಸಿ ಕೇಳಿ.

ನೀವು ಹೇಳಿದ ಕಾಲದ ಚಿತ್ರಗೀತೆಗಳು ಬಹುಪಾಲು ಮೋನೋ, ಅಂದರೆ ಎರಡೂ ಸ್ಪೀಕರಿಗೆ ಒಂದೇ ದನಿ. ಸ್ಪೀಕರ್ ಸರಿಯಾಗಿ ಜೋಡಿಸಿದ್ದೀರಾ ಅಂತ ನೋಡೋಕೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಇಡೀ ಹಾಡು, ವಾದ್ಯಗಳೂ ಸೇರಿ, ಎರಡು ಸ್ಪೀಕರ್‌ಗಳ ನಟ್ಟನಡುವೆ ಒಂದು ಬಿಂದುವಿನಿಂದ ಬರಬೇಕು. ಎಲ್ಲೆಲ್ಲೋ ಹರಡಿ, ಬಾಸ್ ಕೂಡ ಕಾಣೆಯಾಗಿದ್ದರೆ ಒಂದು ಸ್ಪೀಕರಿನ ಕೆಂಪು-ಕಪ್ಪು ಅದಲುಬದಲಾಗಿದೆ. ಕೊಂಡುಕೊಳ್ಳುವುದು ಹಳೆಯ ಸ್ಪೀಕರ್ ಆದರೆ ಒಳಗಿನ ವೈರೇ ತಿರುಗಿರಬಹುದು. 1.5 ವೋಲ್ಟಿನ ಪೆನ್‌ಟಾರ್ಚ್ ಸೆಲ್ಲಿನ ಧನ ತುದಿಯನ್ನು ಕೆಂಪಿಗೆ, ಋಣವನ್ನು ಕಪ್ಪಿಗೆ ಒಂದು ಕ್ಷಣ ತಾಗಿಸಿ. ದೊಡ್ಡ ಕೋನ್ ಮುಂದಕ್ಕೆ ನೆಗೆಯಬೇಕು. ಹಳೆಯದಾದರೆ ಕೋನ್ ಸುತ್ತಲಿನ ಅಂಚನ್ನೂ ನೋಡಿ. ಫೋಮ್ ಅಂಚು ನಮ್ಮ ಹವೆಗೆ, ಅದರಲ್ಲೂ ಕರಾವಳಿಯಲ್ಲಿ, ಮುಟ್ಟಿದರೆ ಪುಡಿಯಾಗುತ್ತೆ. ರಬ್ಬರ್ ಅಂಚು ಬಾಳಿಕೆ ಬರುತ್ತೆ.

ಟಿವಿ ಸೇರಿಸುವಾಗ ಎರಡು ತೊಂದರೆ ಬರುತ್ತವೆ. ಆಪ್ಟಿಕಲ್ ಹಾಕಿದರೂ ಶಬ್ದವೇ ಬರಲಿಲ್ಲ, ಅಥವಾ ಬರೀ ಕರಕರ ಬಂತು ಅಂದರೆ ಟಿವಿಯ ಸೌಂಡ್ ಸೆಟ್ಟಿಂಗಲ್ಲಿ ಡಿಜಿಟಲ್ ಔಟ್‌ಪುಟ್ 'ಪಿಸಿಎಂ' (ಸಾದಾ ಡಿಜಿಟಲ್ ದನಿ) ಮಾಡಿ. ಡಾಲ್ಬಿಯಲ್ಲಿದ್ದರೆ ಸ್ಟೀರಿಯೊ ಆಂಪ್‌ಗೆ ಅದು ಅರ್ಥ ಆಗಲ್ಲ. ಎರಡನೇದು, ಸೆಟ್‌ಟಾಪ್ ಬಾಕ್ಸಿನಿಂದ ಆರ್‌ಸಿಎ ವೈರ್ (ಕೆಂಪು-ಬಿಳಿ ಪಿನ್ನಿನ ಮಾಮೂಲಿ ಆಡಿಯೊ ವೈರ್) ಎಳೆದರೆ ಕೇಬಲ್ಲಿನ ಅರ್ಥಿಂಗ್‌ಗೂ ಮನೆಯ ಅರ್ಥಿಂಗ್‌ಗೂ ಹೊಂದದೆ 'ಹೂಂ' ಅಂತ ಗುಂಯ್‌ಗುಟ್ಟುತ್ತೆ. ಆಪ್ಟಿಕಲ್‌ನಲ್ಲಿ ಲೋಹದ ಸಂಪರ್ಕವೇ ಇಲ್ಲ, ಆ ಕಾಟ ಇರಲ್ಲ. ಅರ್ಥ್ ಪಿನ್ ಕಿತ್ತುಹಾಕಿ ಹೂಂಕಾರ ನಿಲ್ಲಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಲೇಬೇಡಿ, ಜೀವಕ್ಕೆ ಅಪಾಯ.

ಪಡಸಾಲೆ:

ಒಂದು ಬೇರೆ ದಾರಿಯೂ ಇದೆ ಅಂತ ಹೇಳೋಕೆ ಬಂದೆ. ಆಂಪ್ ಒಳಗೇ ಇರುವ ಸ್ಪೀಕರ್, ಉದಾಹರಣೆಗೆ ಎಡಿಫೈಯರ್ ಆರ್1280ಡಿಬಿ. 4 ಇಂಚಿನ ಕೋನ್, ಒಟ್ಟು 42 ವಾಟ್ಸ್, ಬ್ಲೂಟೂತ್, ಆಪ್ಟಿಕಲ್ ಎಲ್ಲ ಇದೆ, ಈ ಬಜೆಟ್ಟಿನ ಸಣ್ಣ ಭಾಗದಲ್ಲೇ ಮುಗಿಯುತ್ತೆ. ಮೇಜಿನ ಮೇಲೆ ಒಂದು ಮೀಟರ್ ದೂರದಲ್ಲಿ, ಅಥವಾ 8×10ರ ಮಲಗುವ ಕೋಣೆಯಲ್ಲಿ ಒಪ್ಪುವ ಸ್ಪೀಕರ್. ಆದರೆ 2.6 ಮೀಟರ್ ದೂರದ ಸೋಫಾಗೆ, ಮೃದಂಗದ ಪೂರ್ತಿ ಪೆಟ್ಟಿಗೆ 4 ಇಂಚು ಸಾಲದು. ಒಳಗಿನ ಬೋರ್ಡು ಕೆಟ್ಟರೆ ಜೋಡಿಯೇ ಮೂಲೆ ಸೇರುತ್ತೆ. ಬೇರೆ ಆಂಪ್, ಬೇರೆ ಸ್ಪೀಕರ್ ಆದರೆ ಒಂದೊಂದಾಗಿ ಬದಲಿಸಬಹುದು. ಶ್ರುತಿಪೆಟ್ಟಿಗೆಯವರ ಹಾಲ್‌ಗೆ ಮೂಲ ಪಟ್ಟಿಯೇ ಸರಿ.

ಶ್ರುತಿಪೆಟ್ಟಿಗೆ:

ಕನ್ನಡಿ ಪ್ರಯೋಗ ಮಾಡಿ ಎಡಗೋಡೆಯಲ್ಲಿ ಜಾಗ ಗುರುತಿಸಿ ಆಯ್ತು. ಚಪ್ಪಾಳೆಗೆ 'ಟರ್ರ್' ಚೆನ್ನಾಗಿಯೇ ಬಂತು. ಸೋಫಾದಲ್ಲಿ ಕೂತರೆ ಕಿವಿ ನೆಲದಿಂದ 95 ಸೆಂ.ಮೀ. ಎತ್ತರದಲ್ಲಿದೆ. ಯುನಿಟ್ ಮೇಲೆ ಇಟ್ಟರೆ ಟ್ವೀಟರ್ 70 ಸೆಂ.ಮೀ.ಗೆ ಬರುತ್ತೆ. 25 ಸೆಂ.ಮೀ. ವ್ಯತ್ಯಾಸ ದೊಡ್ಡದಾ? ಸ್ಟ್ಯಾಂಡೇ ಅಂದರೆ ರೆಡಿಮೇಡ್ ಕೊಳ್ಳಲಾ, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಲಾ? ಮಗು ಎಳೆದರೆ ಬೀಳಬಾರದು.

ಓಮ್_ಮೀಟರ್:

ದೊಡ್ಡದೇ. ಈ ಮೂರೂ ಸ್ಪೀಕರ್‌ಗಳಲ್ಲಿ ಕೋನ್ ಮತ್ತು ಟ್ವೀಟರ್ ಒಂದರ ಮೇಲೊಂದು ಇವೆ. ಟ್ವೀಟರ್‌ಗಿಂತ ತುಂಬಾ ಮೇಲಿಂದ ಕೇಳಿದರೆ ಎರಡೂ ಸೇರುವ ಜಾಗದಲ್ಲಿ, 2.2-2.4 ಸಾವಿರ ಹರ್ಟ್ಜ್ ಸುತ್ತ, ದನಿ ಹೊಂದದೆ ಕುಸಿಯುತ್ತೆ. ಸಾಹಿತ್ಯದ ಅಕ್ಷರ ಸ್ಪಷ್ಟವಾಗೋದು ಅಲ್ಲೇ. ಯುನಿಟ್ ಮೇಲೆಯೇ ಇಡುವುದಾದರೆ ಸ್ಪೀಕರ್ ಮುಖ 5-6 ಡಿಗ್ರಿ ಮೇಲಕ್ಕೆ ನೋಡಬೇಕು: 23 ಸೆಂ.ಮೀ. ಆಳದ ಬಿ5.2ಗೆ ಮುಂದಿನ ಅಂಚಿನ ಕೆಳಗೆ 2.2 ಸೆಂ.ಮೀ. ರಬ್ಬರ್ ತುಂಡು, 28 ಸೆಂ.ಮೀ.ನ 3020ಐಗೆ 2.7. ಮುಖ ಯುನಿಟ್‌ನ ಮುಂದಿನ ಅಂಚಿಗೆ ಸಮ ಇರಲಿ. ಹಿಂದೆ ಸರಿಸಿದರೆ ಹಲಗೆಯ ಮೇಲ್ಮೈಗೆ ದನಿ ಬಡಿದು ಕಲಸಿಹೋಗುತ್ತೆ.

ಸ್ಟ್ಯಾಂಡ್ ಮಾಡಿಸೋದೇ ವಾಸಿ. ನಿಮ್ಮ ಎತ್ತರಕ್ಕೆ 68-70 ಸೆಂ.ಮೀ. ಬೇಕು, ರೆಡಿಮೇಡ್ ಹೆಚ್ಚಾಗಿ 60ರದು. ಹೀಗೆ ಹೇಳಿ: ಕಂಬಕ್ಕೆ 75×75 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಚೌಕ ಪೈಪ್, 2 ಮಿ.ಮೀ. ದಪ್ಪ. ಬುಡಕ್ಕೆ 300×300 ಮಿ.ಮೀ., 8 ಮಿ.ಮೀ. ದಪ್ಪದ ತಗಡು, ಇದೊಂದೇ ಐದೂವರೆ ಕೆಜಿ ತೂಗುತ್ತೆ, ಬೀಳದ ಹಾಗೆ ಹಿಡಿಯೋದು ಇದೇ. ಮೇಲಿನ ತಟ್ಟೆ 5 ಮಿ.ಮೀ. ಸಾಕು, ಅಳತೆ ಸ್ಪೀಕರಿನ ತಳಕ್ಕಿಂತ ಸುತ್ತ ಒಂದು ಸೆಂ.ಮೀ. ಚಿಕ್ಕದಿರಲಿ, ಮಗುವಿಗೆ ಚೂಪು ಮೂಲೆ ಸಿಗಲ್ಲ. ಮೇಲಿನ ತಟ್ಟೆ ಬೆಸುಗೆ ಹಾಕುವ ಮುಂಚೆ ಅದರ ನಡುವೆ, ಪೈಪಿನ ಬಾಯಿಗೆ ನೇರವಾಗಿ, 25 ಮಿ.ಮೀ. ತೂತು ಕೊರೆಸಿ. ಮರಳು ತುಂಬೋಕೆ ಅದು ಬೇಕು. ಬುಡದ ನಾಲ್ಕು ಮೂಲೆಗೂ ತೂತು ಹಾಕಿಸಿ ನಟ್-ಬೋಲ್ಟ್ ಪಾದ ಕೂರಿಸಿದರೆ ಟೈಲ್ಸ್ ಏರುಪೇರನ್ನು ಸರಿಮಾಡಬಹುದು, ಪಾದದ ಕೆಳಗೆ ರಬ್ಬರ್ ಬಿಲ್ಲೆ.

ಮಗು ಇರೋದ್ರಿಂದ ಸ್ಪೀಕರನ್ನು ತಟ್ಟೆಯ ಮೇಲೆ ಬರಿದೇ ಇಡಬೇಡಿ. ನಾಲ್ಕು ಮೂಲೆಗೂ ಕಡಲೆಕಾಳಿನ ಗಾತ್ರದ ಬ್ಲೂಟ್ಯಾಕ್ (ಮೇಣದ ಹಾಗೆ ನಾದಬಹುದಾದ ಅಂಟು) ಉಂಡೆ ಇಟ್ಟು ಒತ್ತಿ. ತೆಗೆಯುವಾಗ ಮೇಲಕ್ಕೆ ಎತ್ತಬೇಡಿ, ಮೆಲ್ಲಗೆ ತಿರುಚಿ, ಇಲ್ಲದಿದ್ದರೆ ವಿನೈಲ್ ಕಿತ್ತು ಬರುತ್ತೆ. ಗ್ರಿಲ್ ಬಟ್ಟೆ ಹಾಕಿಯೇ ಇರಲಿ. ಟ್ವೀಟರಿನ ಬಟ್ಟೆಯ ಗುಮ್ಮಟ ನೋಡಿದರೆ ಯಾವ ಮಗುವಿಗೂ ಬೆರಳಲ್ಲಿ ಒತ್ತಬೇಕು ಅನ್ನಿಸುತ್ತೆ. ವೈರನ್ನು ಕಂಬದ ಹಿಂದೆ ಎರಡು ಕಡೆ ಕಟ್ಟಿ, ನೆಲದ ಮೇಲೆ ಸಡಿಲ ಬಿಡಬೇಡಿ.

ಮೂಲೆಮನೆ:

ಸ್ಟ್ಯಾಂಡ್ ಅಂತ ಆದರೆ ನಾನೂ ಡೈಮಂಡ್ 12.1 ಕಡೆಗೇ. ಅದೂ 65 ಹರ್ಟ್ಜ್ ಸುತ್ತಲೇ ನಿಲ್ಲುತ್ತೆ, ಈ ಹಾಲಿನ 43-56ರ ಗುಂಪನ್ನು ಕೆಣಕಲ್ಲ. 3020ಐ ಬದಲಿಗೆ 3020ಸಿ ಬಂದಿರೋದ್ರಿಂದ ಹಳೆಯ ಸ್ಟಾಕ್ ಎಲ್ಲಾದರೂ ಚೆನ್ನಾಗಿ ಇಳಿದಿದ್ದರೆ ಅದನ್ನು ತಗೊಂಡರೂ ನಷ್ಟವಿಲ್ಲ. ಉಳಿದ ದುಡ್ಡು ಆಂಪಿಗೆ ಹಾಕಿ. ಪೆಟ್ಟಿಗೆಯ ಹಿಂಬದಿಗೂ ಗೋಡೆಗೂ 20 ಸೆಂ.ಮೀ. ಬಿಟ್ಟು ಶುರುಮಾಡಿ. ಎರಡರ ನಡುವೆ 1.8-2 ಮೀಟರ್. ಮುಖ ಮೊದಲು ನೇರ ಇರಲಿ, ಆಮೇಲೆ ಮೋನೋ ಹಾಡು ಹಾಕಿಕೊಂಡು ಐದೈದು ಡಿಗ್ರಿ ಒಳಕ್ಕೆ ತಿರುಗಿಸುತ್ತಾ ಹೋಗಿ, ದನಿ ನಡುವೆ ಬಿಗಿಯಾದ ಕಡೆ ನಿಲ್ಲಿಸಿ. ಟೈಲ್ಸಿನ ಗೆರೆ ಹಿಡಿದು ಅಳೆದರೆ ಎರಡೂ ಕಡೆ ಒಂದೇ ತರ ಬರುತ್ತೆ. ಜಾಗ ಖಚಿತ ಆದಮೇಲೆ ಪಾದದ ಪಕ್ಕ ಪೆನ್ಸಿಲ್ ಗುರುತು ಹಾಕಿಡಿ, ನೆಲ ಒರೆಸುವಾಗ ಸರಿದೇ ಸರಿಯುತ್ತೆ.

ಸಾಧನಕೇರಿ:

ಪೈಪಿನ್ಯಾಗ ಹಾಕೂ ಉಸುಕು ಮೊದಲ ಸಾಣಿಸಿ ಎರಡು ದಿನಾ ಬಿಸಲಾಗ ಒಣಗಸ್ರಿ. ಹಸೀ ಉಸುಕು ತುಂಬಿದ್ರ ಕಬ್ಬಣಾ ಒಳಗಿಂದ ತುಕ್ಕ ಹಿಡೀತೈತಿ. ಪೂರ್ತಿ ತುಂಬಿದ್ರ ಒಂದೊಂದಕ್ಕ ಐದ ಕೆಜಿಕಿಂತ ಸ್ವಲ್ಪ ಮ್ಯಾಲೆ ಹಿಡೀತೈತಿ. ತುಂಬಕೋಂತ ಕಟ್ಟಿಗಿ ಕೊಡತಿಲೆ ಪೈಪಿಗೆ ಮೆಲ್ಲಕ ಬಡೀರಿ, ಉಸುಕು ಕುಂದರತೈತಿ. ಬಡದಾಗ 'ಠಣ್' ಅನ್ನೂದು ಹೋಗಿ 'ದಬ್' ಅಂತಂದ್ರ ತೂತಿಗೆ ಬೂಚ ಹಾಕ್ರಿ.